ಎರ್ಲಡ್ಡು ಸಮೀಕ್ಷೆ: ಹಕ್ಕಿ ಕಾಣದ ದಿನ ಏನು ಬರೆಯಬೇಕು?

ಸಿರುಗುಪ್ಪ ತಾಲ್ಲೂಕಿನ ಎರೆ ಹೊಲಗಳಲ್ಲಿ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಹುಡುಕುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಈ ಟಿಪ್ಪಣಿ.

ಹಕ್ಕಿಯ ಪರಿಚಯ ಚುಟುಕಾಗಿ ಸಾಕು. ಗಂಡು ಸುಮಾರು ಒಂದು ಮೀಟರ್ ಎತ್ತರ, ತೂಕ 15 ಕಿಲೋವರೆಗೆ. ಕಪ್ಪು ನೆತ್ತಿ, ಬಿಳಿ ಕತ್ತು, ಕಂದು ಬೆನ್ನು, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ಹೆಣ್ಣು ಗಂಡಿಗಿಂತ ಬಹಳ ಚಿಕ್ಕದು, ಅದರ ಪಟ್ಟಿ ಅರ್ಧಂಬರ್ಧ. ನೆಲದ ಮೇಲೆಯೇ ಮೊಟ್ಟೆ, ಅದೂ ಸಾಮಾನ್ಯವಾಗಿ ಒಂದೇ. ಅಳಿವಿನ ಅಂಚಿಗೆ ಬಂದಿರುವ ಈ ಹಕ್ಕಿ ದೇಶದ ಬಯಲುಗಳಲ್ಲೆಲ್ಲ ಸೇರಿ 150ರ ಒಳಗೇ ಉಳಿದಿದೆ ಎಂಬ ಅಂದಾಜಿದೆ. ಅದರಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ. ನಮ್ಮಲ್ಲಿ ಬೆರಳೆಣಿಕೆ.

ಹಾಗಾಗಿ ಹೆಚ್ಚಿನ ದಿನ ಹಕ್ಕಿ ಕಾಣುವುದಿಲ್ಲ. ಆ ದಿನದ ಡೇಟಾ ಶೀಟ್ ಖಾಲಿ ಬಿಟ್ಟರೆ ಕೆಲಸ ಕೆಟ್ಟಿತು. ಖಾಲಿ ಜಾಗ ಬೇರೆ, ಸೊನ್ನೆ ಬೇರೆ. ಎಷ್ಟು ಹೊತ್ತಿಗೆ ಶುರು ಮಾಡಿದಿರಿ, ಎಷ್ಟು ಕಿಲೋಮೀಟರ್ ಸುತ್ತಿದಿರಿ, ಎಷ್ಟು ಜನ ನೋಡುತ್ತಿದ್ದಿರಿ, ಜೋಳ ಎಷ್ಟು ಎತ್ತರ ಬೆಳೆದಿತ್ತು, ಇಷ್ಟೂ ಇದ್ದರೆ ಮಾತ್ರ ಆ ಸೊನ್ನೆಗೆ ಬೆಲೆ. ಆಳೆತ್ತರದ ಜೋಳದ ಹೊಲದಲ್ಲಿ ಬರೆದ ಸೊನ್ನೆಯೂ, ಕಡಲೆ ಹೊಲದಲ್ಲಿ ಬರೆದ ಸೊನ್ನೆಯೂ ಒಂದೇ ಅಲ್ಲ, ಅಲ್ವಾ?

ಲೆಕ್ಕ ಹೀಗೆ. ಒಂದು ಜಾಗದಲ್ಲಿ ಹಕ್ಕಿ ಇದೆ ಅಂದುಕೊಳ್ಳಿ. ಒಂದು ಸಲ ಹೋದರೆ ಕಣ್ಣಿಗೆ ಬೀಳುವ ಸಾಧ್ಯತೆ 30% ಇರಲಿ. ತಪ್ಪಿಹೋಗುವ ಸಾಧ್ಯತೆ 70%. ಮೂರು ಸಲ ಹೋದರೂ ಒಮ್ಮೆಯೂ ಕಾಣದಿರುವ ಸಾಧ್ಯತೆ 0.7 × 0.7 × 0.7, ಅಂದರೆ ಸುಮಾರು 34%. ಐದು ಸಲಕ್ಕೆ ಸುಮಾರು 17%ಕ್ಕೆ ಇಳಿಯುತ್ತದೆ. ಒಂದೇ ಸಲ ಹೋಗಿ ಬಂದು ‘ಇಲ್ಲಿ ಹಕ್ಕಿ ಇಲ್ಲ’ ಅಂತ ವರದಿ ಬರೆಯುವುದು ಎಷ್ಟು ಅಪಾಯ ಅಂತ ಇದರಲ್ಲೇ ಗೊತ್ತಾಗುತ್ತದೆ. ಸಮೀಕ್ಷೆಗೆ ನಕ್ಷೆಯಲ್ಲಿ ಗುರುತಿಸಿದ ಒಂದೇ ಚೌಕಕ್ಕೆ ಮತ್ತೆ ಮತ್ತೆ ಕಳಿಸುತ್ತಾರೆ ಅಂತ ಹೊಸಬರು ಗೊಣಗುತ್ತಾರೆ. ಕಾರಣ ಇದೇ.

ಹೊತ್ತು ಮುಖ್ಯ. ಬೆಳಗಿನ ತಂಪಿನಲ್ಲಿ ಮತ್ತು ಸಂಜೆ ಹಕ್ಕಿ ಓಡಾಡಿ ಮೇಯುತ್ತದೆ, ಬಿಸಿಲೇರಿದರೆ ನೆರಳಲ್ಲಿ ಕೂರುತ್ತದೆ. ಬಿಸಿಲುಗುದುರೆ ಎದ್ದ ಮೇಲೆ ದುರ್ಬೀನಿನಲ್ಲಿ ದೂರದ ಬಿಳಿ ಕೊಕ್ಕರೆಯೂ ಎರ್ಲಡ್ಡು ಥರ ಕಾಣುತ್ತದೆ. ಮಳೆ ಬಿದ್ದರೆ ಎರೆ ಮಣ್ಣಿನಲ್ಲಿ ಜೀಪು ಬಿಡಿ, ಬೂಟೂ ಮೇಲೇಳುವುದಿಲ್ಲ. ಅಂಥ ದಿನ ಎಷ್ಟು ದೂರ ಹೋಗಲು ಆಯಿತೋ ಅಷ್ಟನ್ನೇ ಬರೆಯಿರಿ.

ನನ್ನ ಪ್ರಕಾರ ಅತಿ ಹೆಚ್ಚು ಕಲಿಯಬೇಕಾದ್ದು ರೈತರನ್ನು, ಕುರಿಗಾಹಿಗಳನ್ನು ಮಾತಾಡಿಸುವುದು. ಅವರು ದಿನವಿಡೀ ಹೊಲದಲ್ಲಿರುತ್ತಾರೆ, ನಾವು ಹಾದುಹೋಗುವವರು. ಆದರೆ ಮೊದಲೇ ಫೋಟೊ ತೋರಿಸಿ ‘ತಾತ, ಈ ಹಕ್ಕಿ ನೋಡಿದ್ದೀರಾ?’ ಅಂತ ಕೇಳಬಾರದು. ಬಂದವರನ್ನು ಬರಿಗೈಲಿ ಕಳಿಸಬಾರದು ಅಂತ ಎಷ್ಟೋ ಜನ ‘ಹೂಂ ಕಣಪ್ಪ, ನೋಡೀನಿ’ ಅಂದುಬಿಡುತ್ತಾರೆ. ಅದು ಸುಳ್ಳಲ್ಲ, ಮರ್ಯಾದೆ. ಮೊದಲು ‘ನಿಮ್ಮ ಹೊಲಕ್ಕೆ ಯಾವ್ಯಾವ ದೊಡ್ಡ ಹಕ್ಕಿ ಬರುತ್ತವೆ?’ ಅಂತ ಕೇಳಿ. ಬಣ್ಣ, ನಡಿಗೆ, ಹಾರುವ ರೀತಿ ಅವರ ಬಾಯಿಂದಲೇ ಬರಲಿ. ಆಮೇಲೆ ಫೋಟೊಗಳು. ಅದರಲ್ಲಿ ನವಿಲು ಹೆಣ್ಣು, ಕೊಕ್ಕರೆ ಇರಲಿ, ಈ ಸೀಮೆಯಲ್ಲಿ ಇಲ್ಲವೇ ಇಲ್ಲದ ಒಂದು ಹಕ್ಕಿಯೂ ಇರಲಿ. ಅದನ್ನೂ ನೋಡಿದ್ದೇನೆ ಅಂದರೆ ಆ ಸಂದರ್ಶನದ ಮೇಲೆ ಪ್ರಶ್ನೆ ಚಿಹ್ನೆ ಹಾಕಿ.

ಯಾವಾಗ ನೋಡಿದ್ದು ಅಂತ ತಿಂಗಳ ಲೆಕ್ಕದಲ್ಲಿ ಕೇಳಬೇಡಿ. ‘ಉತ್ತರಿ ಮಳೇಲೋ, ಹಸ್ತದಲ್ಲೋ? ಹಿಂಗಾರಿ ಬಿತ್ತೋ ಮುಂಚೆಯೋ, ಕಡಲೆ ಕೀಳೋವಾಗಲೋ?’ ಹೀಗೆ ಕೇಳಿದರೆ ಉತ್ತರ ನಿಖರವಾಗಿ ಸಿಗುತ್ತದೆ. ತಿಂಗಳಿಗೆ ಆಮೇಲೆ ನೀವೇ ಹೊಂದಿಸಿಕೊಳ್ಳಿ. ಮಾತಿನ ನಡುವೆ ಹೊಲದ ಕಥೆಯೂ ಬರುತ್ತದೆ: ಎಲ್ಲಿಗೆ ಕಾಲುವೆ ನೀರು ಬಂತು, ಯಾವ ವರ್ಷ ಜೋಳ ಹೋಗಿ ಭತ್ತ ಆಯಿತು. ಅದನ್ನು ಬಿಡದೆ ಬರೆದುಕೊಳ್ಳಿ. ಈ ಹಕ್ಕಿಗೆ ಬೇಕಾದ್ದು ಬಯಲು ಮತ್ತು ಮಳೆಯಾಶ್ರಿತ ಹೊಲ. ನೀರು ನಿಂತ ಗದ್ದೆ ಅದರ ಜಾಗವಲ್ಲ. ನೀರಾವರಿ ಬೇಡ ಅಂತ ರೈತರಿಗೆ ಉಪದೇಶ ಮಾಡುವುದು ನಮ್ಮ ಕೆಲಸವೂ ಅಲ್ಲ, ನ್ಯಾಯವೂ ಅಲ್ಲ.

ಸತ್ತ ಹಕ್ಕಿ ಹುಡುಕುತ್ತಾ ವಿದ್ಯುತ್ ತಂತಿ ಕೆಳಗೆ ನಡೆಯುವ ಕೆಲಸ ಯಾರಿಗೂ ಇಷ್ಟವಿಲ್ಲ. ಎರ್ಲಡ್ಡುವಿಗೆ ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ, ಮೈ ಭಾರ, ತಟ್ಟನೆ ತಿರುಗಲೂ ಆಗದು. ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತಿನ ತಂತಿಗಳ ವಿಷಯ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೂ ಹೋಯಿತು, 2024ರಲ್ಲಿ ಆ ಆದೇಶ ಮಾರ್ಪಾಡಾಯಿತು. ಇಲ್ಲಿ ನಡೆಯುವಾಗ ನೆನಪಿಡಿ: ನಾಯಿ, ನರಿ ರಾತ್ರಿಯೇ ಹೆಣ ಎಳೆದುಕೊಂಡು ಹೋಗಿರುತ್ತವೆ. ಕಂಬದ ಕೆಳಗೆ ಏನೂ ಸಿಗದಿದ್ದರೆ ಏನೂ ಸತ್ತಿಲ್ಲ ಅಂತಲ್ಲ. ಇಲ್ಲೂ ಅದೇ ಸೊನ್ನೆಯ ಕಥೆ.

ಗರಿ ಸಿಕ್ಕಿತು ಅಂತ ಜೇಬಿಗೆ ಹಾಕಿಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿ ಇದು, ಅನುಮತಿ ಇಲ್ಲದೆ ಅದರ ಗರಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಅಳತೆಗೆ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ಜಿಪಿಎಸ್ ಬರೆದುಕೊಳ್ಳಿ, ಅರಣ್ಯ ಇಲಾಖೆಯವರಿಗೆ ತಿಳಿಸಿ. ಹಕ್ಕಿಯೇ ಕಂಡರೆ ದೂರದಲ್ಲೇ ನಿಲ್ಲಿ, ಗೂಡಿನ ಅನುಮಾನ ಬಂದರೆ ಬಂದ ದಾರಿಯಲ್ಲೇ ವಾಪಸಾಗಿ. ಆ ಜಿಪಿಎಸ್ ಅಂಕಿ ತಂಡದ ಶೀಟಿನಲ್ಲಿ ಮಾತ್ರ ಇರಲಿ, ವಾಟ್ಸಾಪ್ ಗುಂಪಿಗೆ ಬೇಡ. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಜಾಲತಾಣ ಇಬರ್ಡ್ ಕೂಡ ಈ ಹಕ್ಕಿಯ ನಿಖರ ಜಾಗವನ್ನು ಎಲ್ಲರಿಗೂ ತೋರಿಸುವುದಿಲ್ಲ.