ಗಣಿತದಲ್ಲಿ ಮಗುವನ್ನು ಒಂದು ವರ್ಷ ಮುಂದಿನ ಕೋರ್ಸಿಗೆ ಹಾಕಿಸುವ ಮೊದಲು

ಫೆಬ್ರವರಿ ಬಂತೆಂದರೆ ಕ್ಯಾಲಿಫೋರ್ನಿಯಾದ ಬಹಳಷ್ಟು ಶಾಲೆಗಳಲ್ಲಿ ಮುಂದಿನ ವರ್ಷದ ಕೋರ್ಸ್ ಆರಿಸುವ ಗಡಿಬಿಡಿ ಶುರುವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಆಗ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಅವರ ಮಗಳು ಏಳನೇ ಕ್ಲಾಸಿಗೇ ಆಲ್ಜೀಬ್ರಾ ಮುಗಿಸಿದ್ದಾಳಂತೆ, ನಮ್ಮವನು ಹಿಂದೆ ಬಿದ್ದನಾ?" ನಾನು ಇಲ್ಲಿನ ಹೈಸ್ಕೂಲ್ ಒಂದರಲ್ಲಿ ಗಣಿತ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿಗೆ ಬರುವ ಮಕ್ಕಳನ್ನು ಯಾವ ಕೋರ್ಸಿಗೆ ಹಾಕಬೇಕು ಎಂದು ಕೂತು ಚರ್ಚಿಸುವುದೂ ನನ್ನ ಕೆಲಸ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ಮುಂದಕ್ಕೆ ಹಾಕುವುದು, ಅಂದರೆ ಅವರ ಕ್ಲಾಸಿಗಿಂತ ಮುಂದಿನ ಗಣಿತ ಕೋರ್ಸಿಗೆ ಸೇರಿಸುವುದು, ತಪ್ಪಲ್ಲ, ಎಷ್ಟೋ ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ಆಲ್ಜೀಬ್ರಾ ಗಟ್ಟಿಯಾಗಿದೆಯೋ ಇಲ್ಲವೋ ನೋಡದೆ ಹಾಕಿದರೆ ಅದರ ಪೆಟ್ಟು ಗೊತ್ತಾಗುವುದು ಎರಡು ಮೂರು ವರ್ಷದ ಮೇಲೆ.

ಊರಲ್ಲಿ ಓದಿದ ನಮಗೆ ಈ ತಲೆಬಿಸಿ ಇರಲಿಲ್ಲ. ಹತ್ತನೇ ಕ್ಲಾಸಿನವರೆಗೆ ಎಲ್ಲರಿಗೂ ಒಂದೇ ಪುಸ್ತಕ, ಆಮೇಲೆ ಪಿಯುಸಿಯಲ್ಲಿ ಸೈನ್ಸ್ ತಗೊಂಡವರಿಗೆ ಡಿಫರೆನ್ಶಿಯೇಷನ್, ಇಂಟಿಗ್ರೇಷನ್. ಅಂದರೆ ನಮ್ಮಲ್ಲಿ ಹೆಚ್ಚಿನವರು ಕ್ಯಾಲ್ಕುಲಸ್ ನೋಡಿದ್ದೇ 16-17ರ ವಯಸ್ಸಿನಲ್ಲಿ, ಅದರಿಂದ ಎಂಜಿನಿಯರಿಂಗ್ ಮಾಡೋಕೆ ಏನೂ ಅಡ್ಡಿಯಾಗಲಿಲ್ಲ, ಅಲ್ವಾ?

ಇಲ್ಲಿ ಗಣಿತ ಒಂದರ ಹಿಂದೆ ಒಂದು ಬರುವ ಕೋರ್ಸುಗಳ ಸಾಲು. ಆಲ್ಜೀಬ್ರಾ 1, ಜಿಯಾಮೆಟ್ರಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಕೊನೆಗೆ ಕ್ಯಾಲ್ಕುಲಸ್. ಕೆಲವು ಶಾಲಾ ಡಿಸ್ಟ್ರಿಕ್ಟ್‌ಗಳಲ್ಲಿ ಮೊದಲ ಮೂರನ್ನು ಬೆರೆಸಿ ಮ್ಯಾಥ್ 1, 2, 3 ಎಂದು ಕಲಿಸುತ್ತಾರೆ. ಒಂಬತ್ತರಲ್ಲಿ ಆಲ್ಜೀಬ್ರಾ 1 ಶುರು ಮಾಡಿದರೆ ಹನ್ನೆರಡರಲ್ಲಿ ಪ್ರಿಕ್ಯಾಲ್ಕುಲಸ್‌ಗೆ ನಿಲ್ಲುತ್ತದೆ. ಎಂಟರಲ್ಲಿ ಶುರು ಮಾಡಿದರೆ ಹನ್ನೆರಡರಲ್ಲಿ ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ) ಕ್ಯಾಲ್ಕುಲಸ್. ಏಳರಲ್ಲೇ ಶುರು ಮಾಡಿದರೆ ಹನ್ನೊಂದರಲ್ಲಿ. ನಮ್ಮವರ ಜಗಳವೆಲ್ಲ ಈ ಎಂಟು ಮತ್ತು ಏಳರ ನಡುವೆ.

ಹಾಗಾದರೆ ಗಟ್ಟಿ ಇದೆ ಎಂದು ಹೇಗೆ ಗೊತ್ತಾಗಬೇಕು? ರಿಪೋರ್ಟ್ ಕಾರ್ಡಿನ ಎ ಗ್ರೇಡ್ ಸಾಲದು. ಟ್ಯೂಷನ್ ವರ್ಕ್‌ಶೀಟ್ ಬೇಗ ಬೇಗ ಮುಗಿಸುವುದೂ ಸಾಲದು, ಅದು ಕೈಗೆ ಬಂದ ವೇಗ, ಒಳ್ಳೆಯದೇ, ಆದರೆ ತಿಳಿವಳಿಕೆ ಬೇರೆ. ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರಿಗೆ ನಾನು ಕೆಲವು ಪ್ರಶ್ನೆ ಕೊಟ್ಟು ಕಳಿಸುತ್ತೇನೆ, ಮನೆಯಲ್ಲಿ ಕೇಳಿ ನೋಡಿ ಎಂದು.

ಒಂದು ಸಂಖ್ಯೆಯ ವರ್ಗ, ಅದೇ ಸಂಖ್ಯೆಯ ಐದರಷ್ಟಕ್ಕೆ ಸಮ. ಆ ಸಂಖ್ಯೆ ಯಾವುದು? ಬಹಳ ಮಕ್ಕಳು ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ 5 ಎಂದು ಬರೆದು ಪೆನ್ಸಿಲ್ ಇಡುತ್ತಾರೆ. 0 ಕೂಡ ಉತ್ತರ. ಎಕ್ಸ್ ಸೊನ್ನೆಯಾಗಿದ್ದರೆ ಅದರಿಂದ ಭಾಗಿಸುವಂತಿಲ್ಲ ಎಂದು ತಾನಾಗಿ ಹೊಳೆಯುವ ಮಗು ಆಲ್ಜೀಬ್ರಾ 1ನ್ನು ನಿಜವಾಗಿ ಕಲಿತಿದೆ. ಆಮೇಲೆ, ಎ ಮತ್ತು ಬಿ ಕೂಡಿಸಿ ವರ್ಗ ಮಾಡಿದರೆ ಎಷ್ಟು ಎಂದು ಕೇಳಿ. ಎ ವರ್ಗ ಪ್ಲಸ್ ಬಿ ವರ್ಗ ಎಂದು ಹೇಳಿದರೆ ಸುಮ್ಮನಿರಿ, ತಿದ್ದಬೇಡಿ, ಸರಿಯಾ ಅಂತ ಹೇಗೆ ಪರೀಕ್ಷೆ ಮಾಡ್ತೀಯಾ ಎಂದಷ್ಟೇ ಕೇಳಿ. 3 ಮತ್ತು 4 ಹಾಕಿ ನೋಡಿ, ಒಂದು ಕಡೆ 49 ಇನ್ನೊಂದು ಕಡೆ 25 ಬಂತಲ್ಲ ಎಂದು ತಾನೇ ಹಿಡಿದರೆ ಅದು ಒಳ್ಳೆಯ ಲಕ್ಷಣ, ಮೊದಲು ತಪ್ಪು ಹೇಳಿದ್ದು ದೊಡ್ಡ ವಿಷಯವೇ ಅಲ್ಲ. ಮೈನಸ್ ಸಂಖ್ಯೆಯಿಂದ ಗುಣಿಸಿದಾಗ ಹೆಚ್ಚು-ಕಡಿಮೆ ಚಿಹ್ನೆ (<, >) ಯಾಕೆ ತಿರುಗುತ್ತದೆ ಎಂದೂ ಕೇಳಬಹುದು. ಅರ್ಧವನ್ನು ಮೂರನೇ ಒಂದರಿಂದ ಭಾಗಿಸಿದರೆ ಒಂದೂವರೆ ಹೇಗೆ ಬಂತು, "ತಲೆಕೆಳಗು ಮಾಡಿ ಗುಣಿಸು" ಅನ್ನದೆ ಹೇಳು ನೋಡೋಣ ಎನ್ನಬಹುದು. ಭಿನ್ನರಾಶಿ ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಕ್ಯಾಲ್ಕುಲಸ್‌ನ ಮೊದಲ ತಿಂಗಳಲ್ಲಿ 1 ಬೈ ಎಕ್ಸ್‌ನ ಡೆರಿವೇಟಿವ್ ಅನ್ನು ಮೂಲದಿಂದ ತೆಗೆಯುವಾಗ ಮಕ್ಕಳು ಸಿಕ್ಕಿಬೀಳುವುದು ಲಿಮಿಟ್‌ನಲ್ಲಲ್ಲ, ಎರಡು ಭಿನ್ನರಾಶಿ ಕಳೆಯುವುದರಲ್ಲಿ.

ಕೊನೆಗೆ ಒಂದು ಹೊಸ ಲೆಕ್ಕ ಕೊಟ್ಟು ಇಪ್ಪತ್ತು ನಿಮಿಷ ಬಿಡಿ. 1ರಿಂದ 100ರವರೆಗೆ 3ರಿಂದಾಗಲಿ 5ರಿಂದಾಗಲಿ ಭಾಗವಾಗುವ ಸಂಖ್ಯೆ ಎಷ್ಟು? ಉತ್ತರ 47. ಉತ್ತರಕ್ಕಿಂತ ಮುಖ್ಯ, ಆ ಇಪ್ಪತ್ತು ನಿಮಿಷ ಮಗು ಏನು ಮಾಡಿತು ಎನ್ನುವುದು. 15ರವರೆಗೆ ಬರೆದು ನೋಡಿತಾ, 33 ಮತ್ತು 20 ಕೂಡಿಸಿ ಆಮೇಲೆ 15, 30 ಎರಡು ಸಲ ಲೆಕ್ಕಕ್ಕೆ ಬಂದಿವೆ ಎಂದು ಗಮನಿಸಿತಾ, ಇಲ್ಲ "ಇದಕ್ಕೆ ಯಾವ ಫಾರ್ಮುಲಾ ಅಮ್ಮಾ" ಎಂದು ಎದ್ದು ಬಂತಾ? ಎದ್ದು ಬಂದ ಮಗು ದಡ್ಡ ಅಲ್ಲ. ಅದಕ್ಕೆ ಇನ್ನೊಂದು ವರ್ಷ ಬೇಕು, ಅಷ್ಟೇ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ನಾರ್ತ್ ಕ್ಯಾರೊಲಿನಾದ ಷಾರ್ಲಟ್-ಮೆಕ್ಲೆನ್‌ಬರ್ಗ್ ಶಾಲೆಗಳು 2000ದ ದಶಕದ ಶುರುವಿನಲ್ಲಿ ಸಾಧಾರಣ ಮಟ್ಟದ ಮಕ್ಕಳನ್ನೂ ಎಂಟನೇ ಕ್ಲಾಸಿಗೇ ಆಲ್ಜೀಬ್ರಾ 1ಕ್ಕೆ ಹಾಕಿದವು. ಡ್ಯೂಕ್ ವಿಶ್ವವಿದ್ಯಾಲಯದ ಕ್ಲಾಟ್‌ಫೆಲ್ಟರ್, ಲ್ಯಾಡ್ ಮತ್ತು ವಿಗ್ಡಾರ್ ಆ ಮಕ್ಕಳ ಹಿಂದೆ ಬಿದ್ದು ಲೆಕ್ಕ ತೆಗೆದರು. ಮುಂದಕ್ಕೆ ಹೋದ ಮಕ್ಕಳ ಆಲ್ಜೀಬ್ರಾ ಅಂಕವೇ ಇಳಿದಿತ್ತು, ಆಮೇಲೆ ಜಿಯಾಮೆಟ್ರಿ, ಆಲ್ಜೀಬ್ರಾ 2 ಪಾಸಾಗುವುದರಲ್ಲೂ ಲಾಭವೇನೂ ಕಾಣಲಿಲ್ಲ, ಹಿಂದಿದ್ದವರಿಗಂತೂ ನಷ್ಟವೇ ಆಯಿತು. ಇನ್ನೊಂದು ಕಡೆ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಶುರು ಮಾಡಿದ ದೊಡ್ಡ ಅಧ್ಯಯನ ಇದೆ. 12-13ರ ವಯಸ್ಸಿಗೇ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ಗಣಿತದಲ್ಲಿ ತುಂಬಾ ಮೇಲೆ ನಿಂತ ಮಕ್ಕಳು, ಅವರನ್ನು ವೇಗವಾಗಿ ಓದಿಸಿದರು, ದಶಕಗಳವರೆಗೆ ಗಮನಿಸಿದರು, ಅವರ ಓದಿಗಾಗಲಿ ಮನಸ್ಸಿಗಾಗಲಿ ಅದರಿಂದ ಹಾನಿ ಕಾಣಲಿಲ್ಲ. ಎರಡೂ ನಿಜ. ಯಾವ ಮಗು ಅನ್ನುವುದರ ಮೇಲೆ ಹೋಗುತ್ತದೆ.

ಎಲ್ಲರನ್ನೂ ತಡೆದು ನಿಲ್ಲಿಸುವುದೂ ಉತ್ತರ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಶಾಲಾ ಡಿಸ್ಟ್ರಿಕ್ಟ್ 2014ರಲ್ಲಿ ಎಂಟನೇ ಕ್ಲಾಸಿನ ಆಲ್ಜೀಬ್ರಾವನ್ನೇ ತೆಗೆದುಹಾಕಿತು. ಹತ್ತು ವರ್ಷದ ಮೇಲೆ, 2024ರ ಮಾರ್ಚ್‌ನಲ್ಲಿ, ಅದನ್ನು ವಾಪಸ್ ತನ್ನಿ ಎಂದು ಶೇಕಡಾ 80ಕ್ಕೂ ಜಾಸ್ತಿ ಮತದಾರರು ಹೇಳಿದರು. ತಯಾರಿರುವ ಮಗುವನ್ನು ಸುಮ್ನೆ ಕೂರಿಸಿದರೆ ಅದಕ್ಕೆ ಗಣಿತವೇ ಬೇಜಾರಾಗಿಬಿಡುತ್ತದೆ, ಅದನ್ನೂ ನಾನು ಕಣ್ಣಾರೆ ನೋಡುತ್ತೇನೆ.

ಈಗ ಬೇಸಿಗೆಯ ಜಿಯಾಮೆಟ್ರಿ ವಿಷಯ. ವರ್ಷದ 180 ದಿನದ ಕೋರ್ಸನ್ನು ಐದಾರು ವಾರದಲ್ಲಿ ಮುಗಿಸಿ ಒಂದು ವರ್ಷ ಉಳಿಸುವುದು ನಮ್ಮವರಿಗೆ ಬಹಳ ಪ್ರಿಯ. ನನಗೆ ಇದು ಇಷ್ಟವಿಲ್ಲ. ಈ ಸಾಲಿನಲ್ಲಿ "ಯಾಕೆ" ಎಂದು ಬರೆದು ಸಾಧಿಸುವುದನ್ನು ಕಲಿಸುವ ಕೋರ್ಸ್ ಜಿಯಾಮೆಟ್ರಿ. ದಿನಕ್ಕೊಂದು ಅಧ್ಯಾಯದಂತೆ ಓಡಿದರೆ ಮೊದಲು ಬಿಟ್ಟುಹೋಗುವುದೇ ಪ್ರೂಫ್‌ಗಳು. ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ) ಅರ್ಜಿ ಹಾಕಲು ಜಿಯಾಮೆಟ್ರಿ ಮಾಡಿರಲೇಬೇಕು, ಹಾಗಾಗಿ ಹೊರಗಿನ ಕೋರ್ಸ್ ತಗೊಳ್ಳುವುದಾದರೆ ಅದಕ್ಕೆ ಯುಸಿಯ ಎ-ಜಿ (ಪ್ರವೇಶಕ್ಕೆ ಬೇಕಾದ ಕೋರ್ಸುಗಳ ಪಟ್ಟಿ) ಮಾನ್ಯತೆ ಇದೆಯಾ, ನಿಮ್ಮ ಶಾಲೆ ಒಪ್ಪುತ್ತದಾ ಎಂದು ದುಡ್ಡು ಕಟ್ಟುವ ಮೊದಲು ಕೇಳಿ.

ವರ್ಷ ಉಳಿಸಲೇಬೇಕು ಎಂದಿದ್ದರೆ ಆಲ್ಜೀಬ್ರಾ 1 ಮುಗಿದ ಮೇಲೆ ಉಳಿಸಿ. ಎಷ್ಟೋ ಶಾಲೆಗಳಲ್ಲಿ ಆಲ್ಜೀಬ್ರಾ 2 ಮತ್ತು ಪ್ರಿಕ್ಯಾಲ್ಕುಲಸ್ ಸೇರಿಸಿದ ಒಂದು ವರ್ಷದ ಕೋರ್ಸ್ ಇರುತ್ತದೆ. ಕೆಲವು ಕಡೆ ಹತ್ತರಲ್ಲಿ ಜಿಯಾಮೆಟ್ರಿ, ಆಲ್ಜೀಬ್ರಾ 2 ಎರಡನ್ನೂ ಒಟ್ಟಿಗೆ ತಗೋಬಹುದು. ಅಂದರೆ ಒಂಬತ್ತರಲ್ಲಿ ಆಲ್ಜೀಬ್ರಾ 1 ಮಾಡಿದ ಮಗುವೂ ಹನ್ನೆರಡಕ್ಕೆ ಕ್ಯಾಲ್ಕುಲಸ್ ತಲುಪಬಹುದು. ಆರನೇ ಕ್ಲಾಸಿನ ಪ್ಲೇಸ್‌ಮೆಂಟ್ (ಯಾವ ಕೋರ್ಸ್ ಎಂದು ತೀರ್ಮಾನಿಸುವ) ಪರೀಕ್ಷೆಯಲ್ಲೇ ಎಲ್ಲ ಮುಗಿದುಹೋಯಿತು ಎಂದು ಅಳುವ ಮನೆಗಳಿಗೆ ಇದನ್ನು ಒತ್ತಿ ಹೇಳಬೇಕು.

ಇನ್ನೊಂದು ಲೆಕ್ಕವನ್ನು ಜನ ಮರೆಯುತ್ತಾರೆ. ಯುಸಿ ತನ್ನ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಹಿಡಿಯುವುದು ಒಂಬತ್ತು ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಗ್ರೇಡುಗಳನ್ನು. ಏಳು, ಎಂಟನೇ ಕ್ಲಾಸಿನ ಆಲ್ಜೀಬ್ರಾ, ಕೋರ್ಸ್ ಮುಗಿಸಿದ್ದಕ್ಕೆ ಲೆಕ್ಕ, ಜಿಪಿಎಗೆ ಅಲ್ಲ. ಹಾಗಾಗಿ ಎರಡು ವರ್ಷ ಮುಂದೆ ಓಡಿದ ಮಗು ಅತಿ ಕಷ್ಟದ ಪ್ರಿಕ್ಯಾಲ್ಕುಲಸ್ ಆನರ್ಸ್, ಎಪಿಯ ಎರಡು ಕ್ಯಾಲ್ಕುಲಸ್ ಕೋರ್ಸುಗಳಲ್ಲಿ ದೊಡ್ಡದಾದ ಕ್ಯಾಲ್ಕುಲಸ್ ಬಿಸಿ (BC) ಇವನ್ನೆಲ್ಲ ತೂಕ ಜಾಸ್ತಿ ಇರುವ ಆ ಎರಡು ವರ್ಷಗಳಲ್ಲೇ ಎದುರಿಸುತ್ತದೆ. ಎಪಿಗೆ ಒಂದು ಪಾಯಿಂಟ್ ಹೆಚ್ಚು ಸಿಗುತ್ತದೆ, ನಿಜ, ಅದಕ್ಕೂ ಮಿತಿ ಇದೆ. ಮಗು ಗಟ್ಟಿ ಇದ್ದರೆ ಇದೇನೂ ಸಮಸ್ಯೆಯಲ್ಲ. ಅಲ್ಲಾಡುತ್ತಿದ್ದರೆ ಗಣಿತದ ಜೊತೆ ಫಿಸಿಕ್ಸೂ ಜಾರುತ್ತದೆ, ನಿದ್ದೆಯೂ.

ಹನ್ನೊಂದಕ್ಕೇ ಕ್ಯಾಲ್ಕುಲಸ್ ಬಿಸಿ ಮುಗಿದರೆ ಹನ್ನೆರಡರಲ್ಲಿ ಏನು? ಕಮ್ಯುನಿಟಿ ಕಾಲೇಜಿನಲ್ಲಿ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ ಇದೆ, ಒಳ್ಳೆಯ ದಾರಿ. ಆದರೆ ಅಲ್ಲಿ ಬಂದ ಗ್ರೇಡ್ ಕಾಲೇಜ್ ಟ್ರಾನ್‌ಸ್ಕ್ರಿಪ್ಟ್‌ನಲ್ಲಿ (ಗ್ರೇಡುಗಳ ದಾಖಲೆಯಲ್ಲಿ) ಶಾಶ್ವತವಾಗಿ ಕೂರುತ್ತದೆ, ಅದನ್ನು ತಿಳಿದೇ ಕಳಿಸಿ. ಎಪಿ ಸ್ಟ್ಯಾಟಿಸ್ಟಿಕ್ಸ್ ಕೂಡ ಒಳ್ಳೆಯದು. ಗಣಿತವೇ ಇಲ್ಲದ ಒಂದು ವರ್ಷ ಕಳೆದು ಕಾಲೇಜಿಗೆ ಹೋಗುವುದು ಮಾತ್ರ ಬೇಡ.

ಮಗುವಿಗೆ ಗಣಿತ ನಿಜವಾಗಿ ಇಷ್ಟ, ಕ್ಲಾಸ್ ಸಾಲುತ್ತಿಲ್ಲ ಎಂದಾಗ ನಾನು ಮೊದಲು ಕೇಳುವುದು, ಎಎಂಸಿ ಎಂಬ ಗಣಿತ ಸ್ಪರ್ಧೆಯ ಪರೀಕ್ಷೆ ಬರೆದಿದ್ದಾಳಾ ಎಂದು. ಎಎಂಸಿ 10ರಲ್ಲಿ 75 ನಿಮಿಷಕ್ಕೆ 25 ಪ್ರಶ್ನೆ. ಶಾಲೆಯ ಸಾಲಿನಲ್ಲಿ ಸರಿಯಾಗಿ ಜಾಗವೇ ಸಿಗದ ಸಂಖ್ಯಾ ಸಿದ್ಧಾಂತ (ನಂಬರ್ ಥಿಯರಿ), ಎಣಿಕೆ, ಸಂಭವನೀಯತೆ ಎಲ್ಲ ಅಲ್ಲಿ ಬರುತ್ತವೆ, ಕ್ಯಾಲ್ಕುಲಸ್ ಬೇಕಾಗುವುದೇ ಇಲ್ಲ. 1998ರಿಂದ ನಡೆಯುತ್ತಿರುವ ಬರ್ಕ್ಲಿ ಮ್ಯಾಥ್ ಸರ್ಕಲ್‌ನಂಥ ಕಡೆ ಮಕ್ಕಳು ಒಂದೇ ಲೆಕ್ಕದ ಮೇಲೆ ಗಂಟೆಗಟ್ಟಲೆ ಕೂರುತ್ತಾರೆ. ಹಾಗೆ ಕೂತು ಅಭ್ಯಾಸವಾದ ಮಕ್ಕಳು ಆಮೇಲೆ ಕೋರ್ಸ್ ಹಾರಿದರೂ ನನಗೆ ಭಯವಿಲ್ಲ.

ಇನ್ನು ಶಾಲೆಯ ಜೊತೆ ಮಾತಾಡುವ ರೀತಿ. ಕ್ಯಾಲಿಫೋರ್ನಿಯಾದಲ್ಲಿ 2015ರ ಗಣಿತ ಪ್ಲೇಸ್‌ಮೆಂಟ್ ಕಾಯ್ದೆ ಇದೆ. ಒಂಬತ್ತಕ್ಕೆ ಬರುವ ಮಕ್ಕಳನ್ನು ಯಾವ ಕೋರ್ಸಿಗೆ ಹಾಕುತ್ತೇವೆ ಎಂಬ ನೀತಿಯನ್ನು ಶಾಲೆಗಳು ಬಹಿರಂಗವಾಗಿ ಇಡಬೇಕು, ಒಂದೇ ಅಂಕ ನೋಡಿ ತೀರ್ಮಾನಿಸುವಂತಿಲ್ಲ, ಶಾಲೆ ಶುರುವಾದ ಮೊದಲ ತಿಂಗಳೊಳಗೆ ಇನ್ನೊಮ್ಮೆ ಪರಿಶೀಲಿಸಬೇಕು, ಒಪ್ಪದ ಪಾಲಕರಿಗೆ ಪ್ರಶ್ನಿಸುವ ದಾರಿ ಕೊಡಬೇಕು. ಕೌನ್ಸೆಲರ್ ಹತ್ತಿರ ಹೋದಾಗ "ಪಕ್ಕದ ಮನೆಯ ಹುಡುಗ" ಎಂದು ಶುರು ಮಾಡಬೇಡಿ. ಲಿಖಿತ ನೀತಿ ಕೇಳಿ. ಎಂಡಿಟಿಪಿ ಎಂಬ, ಗಣಿತದ ತಯಾರಿ ಅಳೆಯುವ ಪರೀಕ್ಷೆ ಕೊಟ್ಟಿದ್ದರೆ ಒಟ್ಟು ಅಂಕದ ಜೊತೆ ಯಾವ ವಿಷಯದಲ್ಲಿ ಎಷ್ಟು ಬಂತು ಎಂದೂ ಕೇಳಿ, ಭಿನ್ನರಾಶಿಯಲ್ಲೋ ಸಮೀಕರಣದಲ್ಲೋ ಎಲ್ಲಿ ತೂತು ಇದೆ ಎಂದು ಅದು ತೋರಿಸುತ್ತದೆ. ಮುಂದಿನ ಕೋರ್ಸಿಗೆ ಹಾಕಿದ ಮೇಲೆ ಕಷ್ಟವಾದರೆ ಯಾವ ತಾರೀಖಿನವರೆಗೆ ಕೆಳಗಿನ ಕೋರ್ಸಿಗೆ ಬರಬಹುದು, ಬಂದರೆ ಟ್ರಾನ್‌ಸ್ಕ್ರಿಪ್ಟ್‌ನಲ್ಲಿ ಏನು ಕಾಣುತ್ತದೆ ಎಂದೂ ಈಗಲೇ ಕೇಳಿಟ್ಟುಕೊಳ್ಳಿ. ಆ ಮಾತಿಗೆ ಮಗನನ್ನೋ ಮಗಳನ್ನೋ ಕರೆದುಕೊಂಡೇ ಹೋಗಿ. ಮೊದಲ ತಿಂಗಳಲ್ಲಿ ತಲೆ ಮೇಲೆ ಹೋಗುತ್ತಿದೆ ಎಂದು ಬಾಯಿಬಿಟ್ಟು ಹೇಳಬೇಕಾದವರು ಅವರೇ.