ಹೋದ ವರ್ಷ ಹೀರೋ ಆಗಿದ್ದ ಫಾರ್ವರ್ಡ್, ಈ ವರ್ಷ ಯಾಕೆ ಹೀಗೆ?

ಪ್ರಶ್ನೆ: ಇತ್ತೀಚೆಗೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ನೋಡಲು ಶುರು ಮಾಡಿದ್ದೇನೆ. ಗೋಲು ಹೊಡೆಯುವ ಫಾರ್ವರ್ಡ್‌ನನ್ನು ಜನ ಒಂದು ವರ್ಷ ಹೊತ್ತು ಮೆರೆಸುತ್ತಾರೆ, ಮರುವರ್ಷ ಮೂದಲಿಸುತ್ತಾರೆ. ಇವರ ಬದುಕಿನಲ್ಲೇ ಯಾಕಿಷ್ಟು ಏರಿಳಿತ?

ಉತ್ತರ: 2016ರ ಅಕ್ಟೋಬರ್ 1. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಗ್ರ್ಯಾಂಡ್ ಫೈನಲ್‌ನ, ಅಂದರೆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯದ, ಕೊನೆಯ ಕ್ವಾರ್ಟರ್. ಸಿಡ್ನಿ ಸ್ವಾನ್ಸ್‌ನ ಲಾನ್ಸ್ ಫ್ರಾಂಕ್ಲಿನ್ ಕೈಯಲ್ಲಿ ಚೆಂಡಿತ್ತು. ವೆಸ್ಟರ್ನ್ ಬುಲ್‌ಡಾಗ್ಸ್‌ನ ಡೇಲ್ ಮಾರಿಸ್ ಅವರನ್ನು ಟ್ಯಾಕಲ್ ಮಾಡಿದರು. ಜಾರಿದ ಚೆಂಡು ಟಾಮ್ ಬಾಯ್ಡ್ ಪಾಲಾಯಿತು. ಗೋಲು ಕಂಬಗಳು ಇನ್ನೂ ಎಷ್ಟೋ ದೂರ. 21 ವರ್ಷದ ಆ ಹುಡುಗ ಬೀಸಿ ಒದ್ದ. ಚೆಂಡು ನೆಲಕ್ಕೆ ಬಿದ್ದು, ಪುಟಿಯುತ್ತಾ ಹೋಗಿ ಕಂಬಗಳ ನಡುವೆ ನುಗ್ಗಿತು. ಆ ದಿನ ಅವನ ಮೂರನೇ ಗೋಲು ಅದು. ಬುಲ್‌ಡಾಗ್ಸ್ 1954ರ ನಂತರ ಮೊದಲ ಸಲ ಚಾಂಪಿಯನ್ ಆಯಿತು.

ಟ್ಯಾಕಲ್‌ಗೆ ಸಿಕ್ಕವರೂ ಫಾರ್ವರ್ಡ್, ಗೋಲು ಹೊಡೆದವನೂ ಫಾರ್ವರ್ಡ್. ನಿಮ್ಮ ಪ್ರಶ್ನೆಗೆ ಉತ್ತರ ಇವರಿಬ್ಬರಲ್ಲೇ ಇದೆ.

ಮೊದಲು ಆಟದ ವಿಷಯ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕಕ್ಕೆ ಜಾರಿದರೆ 'ಬಿಹೈಂಡ್', ಬರೀ 1 ಅಂಕ. ಆದರೆ ಒದೆಯುವ ಮುಂಚೆ ಚೆಂಡು ಫಾರ್ವರ್ಡ್ ಇರುವಲ್ಲಿಗೆ ಬರಬೇಕಲ್ಲ! ಅದನ್ನು ತಂದುಕೊಡುವವರು ಮಧ್ಯದ ಆಟಗಾರರು. ಅವರು ಸೋತ ದಿನ ಮುಂದೆ ನಿಂತವನು ಎಷ್ಟು ಓಡಿದರೂ ಲೆಕ್ಕಕ್ಕಿಲ್ಲ. ಒಂದು ಕ್ವಾರ್ಟರ್ ಪೂರ್ತಿ ಚೆಂಡನ್ನು ಬಿಟ್ಟು ಫಾರ್ವರ್ಡ್ ಒಬ್ಬನನ್ನೇ ನೋಡಿ: ಓಡುತ್ತಾನೆ, ಕೈ ಎತ್ತುತ್ತಾನೆ, ಚೆಂಡು ಇನ್ನೆಲ್ಲೋ ಹೋಗುತ್ತದೆ, ಮತ್ತೆ ಓಡುತ್ತಾನೆ. ಮರುದಿನದ ಪತ್ರಿಕೆಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆ. ಡಿಫೆಂಡರ್‌ನ ಕೆಟ್ಟ ದಿನ ಇಷ್ಟು ಬೆತ್ತಲಾಗಿ ಕಾಣುವುದಿಲ್ಲ.

ಅದರ ಮೇಲೆ ದುಡ್ಡಿನ ಭಾರ. ಫ್ರಾಂಕ್ಲಿನ್ 2008ರಲ್ಲಿ ಹಾಥಾರ್ನ್ ಪರ 113 ಗೋಲು ಹೊಡೆದು ಆ ವರ್ಷವೇ ತಂಡದೊಂದಿಗೆ ಚಾಂಪಿಯನ್ ಪ್ರಶಸ್ತಿ ಗೆದ್ದರು. ಅದೇ ಸೀಸನ್‌ನಲ್ಲಿ 88 ಬಿಹೈಂಡ್ ಕೂಡ ಇದ್ದವು ಎಂಬುದನ್ನು ಜನ ಮರೆಯುತ್ತಾರೆ. 2013ರ ಕೊನೆಗೆ ಒಂಬತ್ತು ವರ್ಷಕ್ಕೆ ಸುಮಾರು 1 ಕೋಟಿ ಆಸ್ಟ್ರೇಲಿಯನ್ ಡಾಲರ್‌ನ ಒಪ್ಪಂದದ ಮೇಲೆ ಸಿಡ್ನಿಗೆ ಹೋದರು. ಮರುವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ ಎದುರಾದದ್ದು ಹಳೆಯ ತಂಡ ಹಾಥಾರ್ನ್, ಗೆದ್ದದ್ದೂ ಅದೇ. 2016 ಮತ್ತು 2022ರಲ್ಲೂ ಸೋಲೇ. 2015ರಲ್ಲಿ ಮಾನಸಿಕ ಆರೋಗ್ಯದ ಕಾರಣಕ್ಕೆ ಫೈನಲ್ಸ್ (ಸೀಸನ್ ಕೊನೆಯ ನಿರ್ಣಾಯಕ ಪಂದ್ಯಗಳು) ಬಿಟ್ಟರು, 2020ರ ಸೀಸನ್ ಪೂರ್ತಿ ಗಾಯಕ್ಕೆ ಹೋಯಿತು. ಇಷ್ಟಾಗಿಯೂ 2022ರ ಮಾರ್ಚ್ 25ರಂದು ಸಿಡ್ನಿಯಲ್ಲಿ ಸಾವಿರನೇ ಗೋಲು ಬಿದ್ದಾಗ ಸಾವಿರಾರು ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಆಟ ಅರ್ಧ ಗಂಟೆಗೂ ಹೆಚ್ಚು ನಿಂತಿತು. 2023ರಲ್ಲಿ ಮೀನಖಂಡದ ಗಾಯದೊಂದಿಗೆ ನಿವೃತ್ತಿ. ಒಟ್ಟು 354 ಪಂದ್ಯ, 1,066 ಗೋಲು.

ಬಾಯ್ಡ್ ಕಥೆಗೆ ನನ್ನ ಮನಸ್ಸು ಹೆಚ್ಚು ವಾಲುತ್ತದೆ. 2013ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) ದೇಶಕ್ಕೇ ಮೊದಲ ಆಯ್ಕೆ. ಬೇರೊಂದು ತಂಡಕ್ಕೆ ಆಡಿದ ಒಂದೇ ಸೀಸನ್, ಒಂಬತ್ತೇ ಪಂದ್ಯದ ಮೇಲೆ ಬುಲ್‌ಡಾಗ್ಸ್ ಅವನಿಗೆ ಏಳು ವರ್ಷದ, ಸುಮಾರು 70 ಲಕ್ಷ ಡಾಲರ್‌ನ ಒಪ್ಪಂದ ಕೊಟ್ಟಿತು. ಆಗ ಅವನಿಗೆ 19. ಎರಡು ಮೀಟರ್ ಎತ್ತರದ ಫಾರ್ವರ್ಡ್‌ನ ಮೈ ಕಟ್ಟು ಬಲಿಯಲು ವರ್ಷಗಳು ಬೇಕು. ಮೂವತ್ತರ ಆಸುಪಾಸಿನ ಗಟ್ಟಿ ಡಿಫೆಂಡರ್‌ಗಳು ಪ್ರತಿ ವಾರ ಮೈಮೇಲೆ ಬೀಳುತ್ತಾರೆ. ಸಂಬಳದ ಅಂಕಿ ಮಾತ್ರ ಮೊದಲ ದಿನದಿಂದಲೇ ಎಲ್ಲರ ಬಾಯಲ್ಲಿರುತ್ತದೆ. ಒಂದು ಕ್ಯಾಚ್ ಕೈಬಿಟ್ಟರೆ ಸಾಕು, ಗ್ಯಾಲರಿಯಿಂದ ದುಡ್ಡಿನ ಮಾತು. 2017ರಲ್ಲಿ ಅವನು ಖಿನ್ನತೆಯಿಂದ ಆಟದಿಂದ ದೂರ ಉಳಿದ.

ಅವನಿಗೆ ಕೊಟ್ಟ ಹಣ ದಂಡ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. 62 ವರ್ಷ ಕಾದ ಬೆಂಬಲಿಗರನ್ನು ಕೇಳಿ ನೋಡಿ. ಆ ಮೂರು ಗೋಲಿಗೆ ಅವರು ಬೆಲೆ ಕಟ್ಟುವುದಿಲ್ಲ. 2019ರ ಮೇ ತಿಂಗಳಲ್ಲಿ, ಒಪ್ಪಂದ ಇನ್ನೂ ಎರಡು ವರ್ಷಕ್ಕೂ ಹೆಚ್ಚು ಬಾಕಿ ಇರುವಾಗಲೇ, ಆ ಸಂಬಳವನ್ನೂ ಬಿಟ್ಟು ಬಾಯ್ಡ್ ನಿವೃತ್ತಿ ಹೇಳಿದ. ಆಗ ಅವನಿಗೆ 23.