ಫ್ಯಾನಿನ ಮೇಲೆ ಒಂದು ಅಡಿ ಜಾಗ ಬಿಡಿ

ಹಾಲ್ ಡಿಸೈನ್ ಮಾಡಿಸಲು ಬಂದವರು ಕೂತ ತಕ್ಷಣ ಮೊಬೈಲ್ ತೆಗೆಯುತ್ತಾರೆ. ಅದರಲ್ಲಿ ಒಂದು ಫೋಟೋ. ಸ್ಲ್ಯಾಬಿನ ಕೆಳಗೆ ಇಳಿಬಿಟ್ಟ ಅಲಂಕಾರದ ಚಾವಣಿ, ಅಂದರೆ ಮೂರು ಪದರದ ಫಾಲ್ಸ್ ಸೀಲಿಂಗ್, ಅಂಚಿನಲ್ಲಿ ಹಳದಿ ಲೈಟು, ಕೆಳಗೆ ಬೂದು ಬಣ್ಣದ ಸೋಫಾ. "ಸರ್, ಸೇಮ್ ಹಿಂಗೇ ಆಗ್ಬೇಕ್ರೀ." ನಾನು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಫ್ಯಾನ್ ಎಲ್ಲಿದೆ?

ಫೋಟೋ ದೊಡ್ಡದು ಮಾಡಿ ಹುಡುಕುತ್ತಾರೆ. ಇರುವುದಿಲ್ಲ. ಅದು ಯಾವುದೋ ಚಳಿ ದೇಶದ ಮನೆ. ನಾವಿರುವುದು ರಾಯಚೂರಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿತು ಎಂದರೆ ಇಲ್ಲಿ ಯಾರೂ ತಲೆ ಎತ್ತಿ ಕೂಡ ನೋಡುವುದಿಲ್ಲ.

ಗೋಡೆ ಬಣ್ಣ, ಟೈಲ್ಸ್, ಪರದೆ ಬಗ್ಗೆ ನಾನು ಬರೆಯುವುದಿಲ್ಲ. ನಿಮಗೆ ಇಷ್ಟವಾದದ್ದು ಹಾಕಿಸಿ, ಬೇಜಾರಾದರೆ ಬದಲಿಸಿ. ಹದಿನೈದು ವರ್ಷದಿಂದ ಹೇಳಿ ಹೇಳಿ ಬಾಯಿ ನೋಯುತ್ತಿರುವುದು ಫ್ಯಾನಿನ ವಿಷಯ ಒಂದೇ.

ಫ್ಯಾನ್ ಗಾಳಿಯನ್ನು ಹುಟ್ಟಿಸುವುದಿಲ್ಲ. ರೆಕ್ಕೆಯ ಮೇಲಿರುವ ಗಾಳಿಯನ್ನು ಎಳೆದು ಕೆಳಗೆ ತಳ್ಳುತ್ತದೆ, ಅಷ್ಟೇ. ಮೇಲೆ ಜಾಗವೇ ಇಲ್ಲದಿದ್ದರೆ ಅದು ಏನನ್ನು ಎಳೆಯಬೇಕು? ನೀರಿಲ್ಲದ ಬೋರಿಗೆ ಐದು ಎಚ್‌ಪಿ ಮೋಟರ್ ಇಳಿಸಿದ ಹಾಗೆ. ಸದ್ದು ಬರುತ್ತದೆ, ಕರೆಂಟ್ ತಿನ್ನುತ್ತದೆ, ನೀರು ಬರುವುದಿಲ್ಲ.

ಲೆಕ್ಕ ನೋಡಿ. ಹಾಲಿನ ಎತ್ತರ 10 ಅಡಿ ಎಂದುಕೊಳ್ಳೋಣ. ಫ್ಯಾನಿನ ಜೊತೆ ಡಬ್ಬಿಯಲ್ಲಿ ಬರುವ ರಾಡ್ ಹಾಕಿದರೆ ರೆಕ್ಕೆ ಸ್ಲ್ಯಾಬಿನಿಂದ ಹೆಚ್ಚುಕಮ್ಮಿ 14 ಇಂಚು ಕೆಳಗೆ ಬರುತ್ತದೆ. ಇದು ಸರಿ. ಆಮೇಲೆ ನೀವು ಫಾಲ್ಸ್ ಸೀಲಿಂಗನ್ನು 10 ಇಂಚು ಇಳಿಸುತ್ತೀರಿ. ರಾಡಿನ ಬಹುಪಾಲು ಅದರ ಹೊಟ್ಟೆಯೊಳಗೆ ಹೋಯಿತು. ರೆಕ್ಕೆಯ ಮೇಲೆ ಉಳಿದದ್ದು 4 ಇಂಚು. ಬೇಕಾದದ್ದು ಒಂದು ಅಡಿ. ಉಪಾಯ ಏನು? ಇನ್ನೂ 8 ಇಂಚು ಉದ್ದದ ರಾಡ್. ಆಗಲೂ ರೆಕ್ಕೆ ನೆಲದಿಂದ 8 ಅಡಿ 2 ಇಂಚು ಮೇಲೇ ಇರುತ್ತದೆ. 7 ಅಡಿಗಿಂತ ಕೆಳಗೆ ಯಾವ ಕಾರಣಕ್ಕೂ ಬರಬಾರದು. ಮಕ್ಕಳನ್ನು ಎತ್ತಿ ಆಡಿಸುವ ಮನೆಯಾದರೆ ನಾನು 8 ಅಡಿಗಿಂತ ಇಳಿಸುವುದೇ ಇಲ್ಲ.

ಇಷ್ಟು ಸರಳ. ಆದರೂ ಒಪ್ಪುವುದಿಲ್ಲ. "ಉದ್ದ ರಾಡ್ ಹಾಕಿದ್ರ ಕಲ್ಯಾಣ ಮಂಟಪದ ಫ್ಯಾನ್ ಕಂಡಂಗ ಕಾಣ್ತದ್ರೀ!" ಅನ್ನುತ್ತಾರೆ. ಕಾಣಲಿ ಬಿಡಿ. ಮಂಟಪದಲ್ಲಿ ಊಟಕ್ಕೆ ಕೂತಾಗ ಆ ಫ್ಯಾನಿನ ಕೆಳಗಿನ ಕುರ್ಚಿಗೆ ಮೊದಲು ಓಡುವವರು ಯಾರು, ನೀವೇ ಅಲ್ವಾ?

ನಾನೇನು ಹುಟ್ಟುತ್ತಲೇ ಕಲಿತು ಬಂದವನಲ್ಲ. ಮೊದಮೊದಲು ಸಿಂಧನೂರಿನಲ್ಲಿ ಒಬ್ಬ ಅಕ್ಕಿ ಗಿರಣಿ ಮಾಲೀಕರ ಹಾಲ್ ಮಾಡಿದ್ದೆ. ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ನಡುವೆ ಕಮಲದ ಹೂವು, ಹೂವಿನ ನಡುವೆ ಫ್ಯಾನ್. ಹೂವು ಮುಚ್ಚಬಾರದು ಅಂತ ಎಲೆಕ್ಟ್ರಿಷಿಯನ್‌ಗೆ ನಾನೇ ಹೇಳಿ ರಾಡ್ ಗಿಡ್ಡ ಮಾಡಿಸಿದ್ದೆ. ಗೃಹಪ್ರವೇಶಕ್ಕೆ ಬಂದವರೆಲ್ಲ ಮೇಲೆ ನೋಡಿ ಹೊಗಳಿದರು. ಮೇ ತಿಂಗಳಲ್ಲಿ ಬಾಕಿ ದುಡ್ಡಿಗೆ ಹೋದರೆ ಅವರ ತಾಯಿ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದಾರೆ, ಕೈಯಲ್ಲಿ ಹಳೇ ಕ್ಯಾಲೆಂಡರಿನ ರಟ್ಟು. "ಒಳಗ ಫ್ಯಾನ್ ಐತಲ್ರೀ ಅಮ್ಮಾರ" ಅಂದೆ. "ಐತಪ್ಪ. ತಿರುಗೂದು ನೋಡಾಕ ಭಾಳ ಚಂದ ಐತಿ" ಅಂದರು. ಬಾಕಿ ದುಡ್ಡಿನ ಮಾತೇ ಎತ್ತದೆ ಬಜಾರಿಗೆ ಹೋಗಿ ಒಂದೂವರೆ ಅಡಿಯ ರಾಡ್ ತಂದು ಹಾಕಿಸಿದೆ. ಸಂಜೆ ಹೊತ್ತಿಗೆ ಅಮ್ಮನ ಚಾಪೆ ಒಳಗೆ ಬಂದಿತ್ತು.

"ಎಸಿ ಹಾಕಸ್ತೀವಲ್ರೀ" ಎಂಬುದು ಇನ್ನೊಂದು ಮಾತು. ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಹಾಲ್ ಬಾಗಿಲು ಮುಚ್ಚಿಟ್ಟುಕೊಳ್ಳುವ ಜಾಗವಲ್ಲ. ಅಡುಗೆಮನೆ, ಮೆಟ್ಟಿಲು, ದೇವರ ಕೋಣೆ ಎಲ್ಲಾ ಅದಕ್ಕೇ ತೆರೆದಿರುತ್ತವೆ, ಜನ ಬರ್ತಾ ಹೋಗ್ತಾ ಇರುತ್ತಾರೆ. ಇನ್ನು ಕರೆಂಟ್. ಇಲ್ಲೇ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಸ್ಥಾವರ ಇದೆ, ಆದರೂ ನಮ್ಮ ಓಣಿಯಲ್ಲಿ ಮಧ್ಯಾಹ್ನ ಕರೆಂಟ್ ಹೋಗುತ್ತದೆ. ಮನೆಯ ಇನ್ವರ್ಟರ್ ಫ್ಯಾನ್ ತಿರುಗಿಸುತ್ತದೆ. ಎಸಿಯನ್ನು ಎಳೆಯುವ ಶಕ್ತಿ ಸಾಮಾನ್ಯವಾಗಿ ಅದಕ್ಕಿರುವುದಿಲ್ಲ.

ಫಾಲ್ಸ್ ಸೀಲಿಂಗ್ ಪೂರ್ತಿ ದಂಡ ಅಂತಲೂ ನಾನು ಹೇಳುತ್ತಿಲ್ಲ. ಮೇಲಿನ ಮಹಡಿಯ ಹಾಲಾದರೆ ಅದು ಸ್ಲ್ಯಾಬಿನ ಕಾವನ್ನು ಸ್ವಲ್ಪ ತಡೆಯುತ್ತದೆ. ಆದರೆ ಬಿಸಿಲನ್ನು ಮಾಳಿಗೆ ಮೇಲೆಯೇ ತಡೆದರೆ ಹೆಚ್ಚು ಲಾಭ. ಮೇಲೆ ಬಿಳಿ ಟೈಲ್ಸ್ ಚೂರು ಹಾಕಿಸಿ, ಇಲ್ಲವೇ ಬಿಸಿ ತಡೆಯುವ ಬಿಳಿ ಬಣ್ಣ ಬಳಿಸಿ. ಹಳೇ ಸ್ಲ್ಯಾಬಾದರೆ ಟೈಲ್ಸ್ ತೂಕ ತಾಳುತ್ತದಾ ಅಂತ ಎಂಜಿನಿಯರ್ ಬಂದು ನೋಡಲಿ, ನನ್ನ ಮಾತು ನಂಬಿ ಹಾಕಿಸಬೇಡಿ. ಹಾಲಿನ ಎತ್ತರ 9 ಅಡಿಯೋ ಒಂಬತ್ತೂವರೆಯೋ ಇದ್ದರೆ ಸುತ್ತ ಬಾರ್ಡರ್ ಮಾತ್ರ ಇಳಿಸಿ, ನಡುವಿನ ಸ್ಲ್ಯಾಬ್ ಹಾಗೇ ಬಿಡಿ. ಲೈಟಿನ ಆಸೆಯೂ ತೀರುತ್ತದೆ, ಫ್ಯಾನಿಗೂ ಉಸಿರಾಡಲು ಜಾಗ ಸಿಗುತ್ತದೆ. ಉಳಿದ ದುಡ್ಡಲ್ಲಿ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಿ ಬನ್ನಿ. ಅಲ್ಲಿಯ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿ ಬಣ್ಣ ಹಾಕಿದ ಒಂದು ಬೊಂಬೆ ತಂದು ಟಿವಿ ಪಕ್ಕ ಇಡಿ. ಅದರ ಮುಂದೆ ನನ್ನ ಕಮಲದ ಹೂವೆಲ್ಲಾ ಯಾವ ಲೆಕ್ಕ!

ಫ್ಯಾನನ್ನು ಫಾಲ್ಸ್ ಸೀಲಿಂಗಿನ ಚೌಕಟ್ಟಿಗೆ ತೂಗುಹಾಕಲು ಯಾರಾದರೂ ಹೊರಟರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಭಾರವೆಲ್ಲ ಸ್ಲ್ಯಾಬಿನ ಹುಕ್ಕಿನ ಮೇಲೇ ಬೀಳಬೇಕು. ಆ ಹುಕ್ಕು ಎಲ್ಲಿರಬೇಕು ಎಂಬುದು ಸ್ಲ್ಯಾಬ್ ಹಾಕುವ ಮೊದಲೇ ತೀರ್ಮಾನ ಆಗಬೇಕು. ಆವತ್ತು ಮನೆಯವರೆಲ್ಲ ಮೇಸ್ತ್ರಿಗೆ ಚಹಾ, ಮಂಡಕ್ಕಿ ಮಿರ್ಚಿ ಕೊಡುವ ಗಡಿಬಿಡಿಯಲ್ಲಿರುತ್ತಾರೆ, ಸೋಫಾ ಎಲ್ಲಿ ಬರುತ್ತದೆ ಅಂತ ಯಾರೂ ಯೋಚಿಸಿರುವುದಿಲ್ಲ. ಹುಕ್ಕು ಹಾಲಿನ ನಟ್ಟನಡುವೆ ಬೀಳುತ್ತದೆ, ಸೋಫಾ ಗೋಡೆಗೆ ಹೋಗುತ್ತದೆ, ಗಾಳಿ ಪೂರ್ತಿ ಟೀಪಾಯಿಗೆ.

ಮೊನ್ನೆ ಮಾನ್ವಿ ರಸ್ತೆಯಲ್ಲಿ ಒಂದು ಮನೆ ನೋಡಲು ಹೋಗಿದ್ದೆ. ಸೆಂಟ್ರಿಂಗ್ ಮುಗಿದಿತ್ತು, ಕಬ್ಬಿಣ ಕಟ್ಟುತ್ತಿದ್ದರು, ಸ್ಲ್ಯಾಬ್ ಇನ್ನೂ ಹಾಕಿರಲಿಲ್ಲ. ಹಾಲ್ 12ಕ್ಕೆ 20 ಅಡಿ. ಸರಿಯಾದ ಹೊತ್ತಿಗೆ ಕರೆದರಲ್ಲ ಅಂತ ಖುಷಿಯಾಯಿತು. ಇಷ್ಟುದ್ದಕ್ಕೆ 48 ಇಂಚಿನ ಫ್ಯಾನ್ ಒಂದು ಸಾಲುವುದಿಲ್ಲ ಅಂತ ಸೋಫಾ ಮೇಲೊಂದು, ಊಟದ ಟೇಬಲ್ ಮೇಲೊಂದು ಗುರುತು ಹಾಕಿ ಮೇಸ್ತ್ರಿಗೆ "ಎರಡು ಹುಕ್ಕು" ಅಂದೆ. ಮಾಲೀಕರು ಮುಖ ನೋಡಿದರು.

"ಎರಡ್ಯಾಕ್ರೀ ಸರ್? ನಾವು ತರೂದು ಒಂದ ಝೂಮರ್ ಲೈಟ್ ಅಲ್ರೀ!"